ತೂಕ ಸರಿಯಾಗಿದೆ ಅಂತ ಹೇಳಿ

ಮಾಸ್ಟ್ರಿಗೆ ನಮಸ್ಕಾರ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸಲ್ಲ ಅಂತ ಬರೆದು ಕಳಿಸ್ತಿದ್ದೀನಿ. ನಿಮ್ಮ ಶಿಷ್ಯ, ನಮ್ಮ ಯಜಮಾನರು, ಊಟ ಬಿಟ್ಟು ವಾರವಾಗ್ತಾ ಬಂತು. ನಿನ್ನೆಯಿಂದ ನೀರೂ ಇಲ್ಲ. ಬಾಕ್ಸಿಂಗ್ ಬಿಟ್ಟು ಎಷ್ಟೋ ವರ್ಷವಾದರೂ, ನಾಳೆ ಫೈನಲ್ಲು, ಬೆಳಿಗ್ಗೆ ತೂಕ ನೋಡ್ತಾರೆ ಅಂತಲೇ ನಂಬಿಕೊಂಡಿದ್ದಾರೆ. ಹಾಲು ಹಿಡಿದು ಹೋದರೆ "ನನ್ನ ತೂಕ ಕೆಡಿಸೋಕೆ ಯಾರು ಕಳಿಸಿದ್ದು ನಿನ್ನ?" ಅಂತ ಗದರ್ತಾರೆ. ಡಾಕ್ಟರು ಡ್ರಿಪ್ ಹಾಕಿದರೆ ಡೋಪಿಂಗ್ ಅಂತ ಸೂಜಿ ಕಿತ್ತೆಸೆದರು.

"ನಾನು ಹೇಳೋವರೆಗೂ ಹನಿ ನೀರು ಮುಟ್ಟಬೇಡ" ಅಂತ ಅವತ್ತು ಫೈನಲ್ಲಿಗೆ ತೂಕ ಇಳಿಸೋವಾಗ ಹೇಳಿದ್ದು ನೀವು. ಹೆಂಡತಿ ಮಕ್ಕಳ ಹೆಸರು ಮರೆತರೂ ಅದೊಂದನ್ನು ಮರೆತಿಲ್ಲ. ನಾನು ಕಣ್ಣೀರಿಟ್ಟೆ, ಬೈದೆ, ಕಾಲಿಗೂ ಬಿದ್ದೆ. ನೀವು ಹಾಕಿದ ಗಂಟು, ನೀವೇ ಬಿಚ್ಚಬೇಕು.

ಪತ್ರ ತಂದ ಆಟೋದಲ್ಲೇ ಹೊರಟುಬನ್ನಿ. ಮೊಣಕಾಲು ನೋವು ಅನ್ನಬೇಡಿ, ಮೆಟ್ಟಿಲು ಹತ್ತಿಸೋಕೆ ಪಕ್ಕದ ಮನೆಯವರು ಇದ್ದಾರೆ. ಕೊರಳಿಗೆ ಆ ಹಳೇ ಸೀಟಿ ಹಾಕ್ಕೊಳ್ಳಿ, ಮುಖ ಮರೆತಿದ್ದರೂ ಅದರ ಗುರುತು ಸಿಗುತ್ತೆ. "ತೂಕ ಸರಿಯಾಗಿದೆ, ಇನ್ನು ತಿನ್ನು" ಅನ್ನಿ, ಸಾಕು.

ಗೆದ್ದ ದಿನ ನಾಲ್ಕು ಜನ ಏದುಸಿರು ಬಿಡ್ತಾ ಹೆಗಲ ಮೇಲೆ ಹೊತ್ತು ಮೆರೆಸಿದ್ರಲ್ಲ, ಆ ಚಾಂಪಿಯನ್ನನ್ನು ಇವತ್ತು ನಾನೊಬ್ಬಳೇ ಎತ್ತಿ ಮಲಗಿಸಿದೆ ಮಾಸ್ಟ್ರೇ. ಕೈಗೆ ಭಾರವೇ ಆಗಲಿಲ್ಲ.

ಇಂತಿ,
ನೀವು ಸೊಸೆ ಅಂತ ಕರೀತಿದ್ದವಳು