ಒದ್ದೆ ಮುಖಕ್ಕೆ ತೆರೆಯದ ಬಾಗಿಲು

ಗದಗ, ಫೆಬ್ರವರಿ ೩೦, ೨೨೯೧

ನಮಗಿಂತ ಬಹಳ ಮುಂಚೆ ಬದುಕಿದ ಹಿರಿಯರಿಗೆ ನೀಲಾಂಬಿಕೆಯ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಾರೀಖೇ ಇಲ್ಲವೆಂದು ಬಲ್ಲೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನಮ್ಮ ಬಾಗಿಲುಗಳಿಗೆ ಬೀಗವಿಲ್ಲ, ಹಿಡಿಯೂ ಇಲ್ಲ. ಪ್ರತಿ ಬಾಗಿಲಿನ ಮೇಲೂ ಒಂದು ಗೆರೆದೀಪ ಇರುತ್ತದೆ. ಎದುರು ನಿಂತರೆ ಅದು ಮುಖದ ಮೇಲೆ ಜಮಖಾನದ ಪಟ್ಟೆಗಳ ಹಾಗೆ ಬೆಳಕಿನ ಗೆರೆಗಳನ್ನು ಚೆಲ್ಲುತ್ತದೆ. ಮೂಗಿನ ಮೇಲೆ, ಕೆನ್ನೆಯ ಮೇಲೆ ಗೆರೆ ಎಷ್ಟು ಬಾಗಿತೆಂದು ದೀಪದ ಪಕ್ಕದ ಕ್ಯಾಮೆರಾ ನೋಡಿ, ರೆಪ್ಪೆ ಬಡಿಯುವುದರೊಳಗೆ ಇಡೀ ಮುಖದ ಉಬ್ಬುತಗ್ಗು ಅಳೆದು, ನಾವು ಯಾರೆಂದು ತಿಳಿದುಕೊಳ್ಳುತ್ತದೆ. ನಿಮ್ಮ ಕಾರ್ಖಾನೆಗಳಲ್ಲಿ ಯಂತ್ರದ ಬಿಡಿಭಾಗಗಳನ್ನು ಹೀಗೆ ಅಳೆಯುತ್ತಿದ್ದರಂತೆ. ಆದರೆ ಈ ದೀಪಕ್ಕೆ ಹೊಳೆಯುವುದನ್ನು ಕಂಡರಾಗದು. ಬೆವರಿದ ಹಣೆಯ ಮೇಲೆ ಗೆರೆ ಒಡೆದುಹೋಗುತ್ತದೆ. ಆದ್ದರಿಂದ ನಾವೆಲ್ಲ ಸೊಂಟದಲ್ಲಿ ಬಿಳಿಪುಡಿಯ ಸಂಚಿ ಇಟ್ಟುಕೊಂಡು, ಬಾಗಿಲು ಬಂದಾಗಲೆಲ್ಲ ಮುಖಕ್ಕೆ ಹಚ್ಚಿಕೊಳ್ಳುತ್ತೇವೆ. ಮದುವೆಗೆ ಬಂದವರೆಲ್ಲ ಹಿಟ್ಟಿನ ಗಿರಣಿಯಿಂದ ಎದ್ದು ಬಂದಂತಿರುತ್ತಾರೆ. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಅಳದಿರುವುದನ್ನು ಕಲಿಸುತ್ತೇವೆ. ಹೆಣ್ಣು ನೋಡಲು ಬಂದವರು ಒಣಮುಖದ ಹುಡುಗಿ ಎಂದು ಹೊಗಳುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಿನ್ನೆ ಮಧ್ಯಾಹ್ನ ಆಸ್ಪತ್ರೆಯಲ್ಲಿ ನನ್ನ ಅವ್ವ ಸಂಗವ್ವನ ಸ್ಥಿತಿ ಬಿಗಡಾಯಿಸಿತು. ನನ್ನನ್ನೇ ಕರೆಯುತ್ತಿದ್ದಾಳೆಂದು ಸುದ್ದಿ ಬಂತು. ಅಳುತ್ತಲೇ ಓಡಿದೆ. ವಾರ್ಡಿನ ಬಾಗಿಲು ತೆರೆಯಲಿಲ್ಲ. ಪುಡಿ ಹಚ್ಚಿದೆ, ಅದು ಕಣ್ಣೀರಿನಲ್ಲಿ ಕಲಸಿ ಅಂಟಾಯಿತು. ಸೆರಗಿನಿಂದ ಒರೆಸಿದಷ್ಟೂ ಮತ್ತೆ ಇಳಿಯಿತು. ಕಾವಲಿನ ಯಮನೂರ, ಪಾಪ, ತನ್ನ ಟವೆಲ್ಲು ಕೊಟ್ಟ. “ಅಳಬ್ಯಾಡ್ರಿ ಅಕ್ಕಾರ, ಒದ್ದಿ ಮಾರಿ ಅದಕ್ಕ ತಿಳಿಯಂಗಿಲ್ಲ. ನನ್ನ ಮಾರಿಗೆ ಈ ಬಾಗಲಾ ತೆರಿಯಂಗಿಲ್ಲ, ನನ್ನ ಕೈಯಾಗ ಏನೂ ಇಲ್ರಿ,” ಎಂದ.

ಒಳಗಿನಿಂದ ಅವ್ವನ ದನಿ ಕೇಳುತ್ತಿತ್ತು. “ನೀಲಾ, ಬಂದಿ ಏನವಾ?”

“ಬಂದೀನಿ ಯವ್ವಾ, ಬಾಗಲದಾಗ ಅದೀನಿ,” ಎಂದು ಕೂಗಿದೆ. ಅವಳಿಗೆ ಕೇಳಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಆ ದನಿ ನಿಂತಿತು. ನನ್ನ ಅಳುವೂ ಒಮ್ಮೆಲೇ ನಿಂತುಬಿಟ್ಟಿತು. ಯಮನೂರ ನನ್ನ ಮುಖ ಒರೆಸಿದ. ಬಾಗಿಲು ತೆರೆಯಿತು.

ಮನುಷ್ಯರ ಮುಖ ಗುರುತಿಸಲೆಂದು ನೀವು ಈ ಬೆಳಕನ್ನು ಈಗಷ್ಟೇ ರೂಪಿಸುತ್ತಿದ್ದೀರಿ. ಎಷ್ಟು ಬೇಗ ಅಳೆಯುತ್ತದೆಂದು ಹೆಮ್ಮೆಪಡುತ್ತಿರಬಹುದು, ಪಡಿ. ಆದರೆ ಪರೀಕ್ಷೆಗೆ ಜನರನ್ನು ಆರಿಸುವಾಗ ಅಳುತ್ತಿರುವ ಒಬ್ಬರನ್ನಾದರೂ ಅದರ ಮುಂದೆ ನಿಲ್ಲಿಸಿ. ಅವರಿಗೆ ಬಾಗಿಲು ತೆರೆಯುವವರೆಗೆ ಅದನ್ನು ಯಾವ ಆಸ್ಪತ್ರೆಗೂ ಕೊಡಬೇಡಿ.