ಬನಹಟ್ಟಿಗೆ ಓಡಿದ ಜೋಡುಗಾಡಿ

ಮುಧೋಳ
ಇಸವಿ ೨೧೧೮, ಹದಿಮೂರನೆಯ ತಿಂಗಳು, ಆರನೆಯ ದಿನ

ಪೂಜ್ಯ ಮುತ್ತಜ್ಜಿ ಚಂಪಾವತಿಯವರಿಗೆ, ನಿಮ್ಮ ಮರಿಮೊಮ್ಮಗಳು ನೀಲಾಂಬಿಕೆಯ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನಿಮ್ಮ ಕಾಲಕ್ಕಿಂತ ಸುಮಾರು ತೊಂಬತ್ತು ವರ್ಷ ಮುಂದಿನಿಂದ ಬರೆಯುತ್ತಿದ್ದೇನೆ; ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಈ ಕಾಗದದಲ್ಲಿ ನುಸುಳುತ್ತವೆ, ಕ್ಷಮಿಸಬೇಕು. ಸಂತೋಷ ತಡೆಯಲಾಗುತ್ತಿಲ್ಲ. ಬರೆಯದೆ ಇದ್ದರೆ ನಿದ್ದೆ ಬರುವಂತಿಲ್ಲ.

ನೀವು ಕೊಂಡ ಹೈಬ್ರಿಡ್ ಕಾರು ಇನ್ನೂ ಇದೆ. ನಾವು ಅದನ್ನು ಜೋಡುಗಾಡಿ ಎನ್ನುತ್ತೇವೆ, ಎಂಜಿನ್ನೂ ಬ್ಯಾಟರಿಯೂ ಸೇರಿ ಎಳೆಯುತ್ತವಲ್ಲ, ಅದಕ್ಕೆ. ಪೆಟ್ರೋಲಿಗೆ ಎಥೆನಾಲ್ ಎಷ್ಟು ಬೆರೆಸಿದರೂ ಓಡುವಂಥದ್ದೇ ಬೇಕೆಂದು ನೀವು ಹಟ ಹಿಡಿದಿರಂತೆ. "ಕಬ್ಬಿನ ಹಾಲು ಕುಡಿಸಿ ಕಾರ್ ಓಡಸ್ತಾಳಂತ" ಎಂದು ಮುತ್ತಜ್ಜ ನಕ್ಕಿದ್ದು ಮನೆಯಲ್ಲಿ ಇವತ್ತಿಗೂ ಉಳಿದಿದೆ. ನಾನು ಗಾಡಿಮನೆಯ ಮೆಕ್ಯಾನಿಕ್. ಹಳೆಯ ವಾಹನಗಳನ್ನು ಕಾಪಾಡುವ ಸಂಗ್ರಹಾಲಯ ಅದು. ನಿಮ್ಮ ಕಾರಿಗೆ ಹೊಸ ಪೈಪು, ಹೊಸ ಬ್ಯಾಟರಿ ಹಾಕಿದವಳು ನಾನೇ. ಅಂಗಳದಲ್ಲಿ ಒಂದು ಸುತ್ತು ಓಡಿಸಿ ಮತ್ತೆ ಗಾಜಿನ ಹಿಂದೆ ನಿಲ್ಲಿಸುತ್ತಿದ್ದೆ, ಅಷ್ಟೇ.

ನಮ್ಮ ಕಾಲದಲ್ಲಿ ಯಾರೂ ಗಾಡಿ ಓಡಿಸುವುದಿಲ್ಲ. ಬಿಸಿಲುಬಂಡಿಗಳು ತಾವೇ ಓಡುತ್ತವೆ. ರಸ್ತೆಗಳು ಬಿಸಿಲನ್ನು ಹೀರಿಟ್ಟುಕೊಂಡು ಅವಕ್ಕೆ ಶಕ್ತಿ ಕೊಡುತ್ತವೆ. ಆದರೆ ಈ ಚಳಿಗಾಲ ಮಂಜು ಕವಿದದ್ದು ಕವಿದೇ ಇತ್ತು. ರಸ್ತೆ ಮಲಗಿತು, ಬಂಡಿಗಳು ನಿಂತಲ್ಲೇ ನಿಂತವು. ಆಗಲೇ, ಕಳೆದ ವಾರ ಒಂದು ಬೆಳಿಗ್ಗೆ, ಬನಹಟ್ಟಿಯಿಂದ ಕರೆ ಬಂತು. ಕಾಡಪ್ಪ ಎಂಬ ನೇಕಾರನ ಬಲಗೈ ಮಗ್ಗದ ಯಂತ್ರಕ್ಕೆ ಸಿಕ್ಕು, ಮಣಿಕಟ್ಟಿನಲ್ಲೇ ತುಂಡಾಗಿತ್ತು. ಅಲ್ಲಿ ಆಸ್ಪತ್ರೆ ಇದೆ, ಕೈ ಜೋಡಿಸಬಲ್ಲವರಿಲ್ಲ. ಆ ಕೆಲಸ ಬಲ್ಲ ಡಾಕ್ಟರ್ ಮಾಸಾಬಿ ಇರುವುದು ಮುಧೋಳದಲ್ಲಿ. ಮಧ್ಯಾಹ್ನದೊಳಗೆ ಜೋಡಿಸದಿದ್ದರೆ ಕೈ ಹೋದಂತೆಯೇ.

ಮಾಸಾಬಿ ಓಡುತ್ತಲೇ ಗಾಡಿಮನೆಗೆ ಬಂದರು. "ನೀಲವ್ವಾ, ನಿಮ್ಮ ಮುತ್ತಜ್ಜಿ ಗಾಡಿ ನಡೀತೈತೇನು?"

"ನಡೀತೈತ್ರೀ. ಎಣ್ಣಿ ಇಲ್ಲ."

ಪೆಟ್ರೋಲ್ ಎಂಬುದು ನಮ್ಮಲ್ಲಿ ಮಕ್ಕಳು ಮೂಸಿ ನೋಡಲೆಂದು ತಯಾರಿಸಿಟ್ಟ ಒಂದು ಜಾಡಿಯಷ್ಟೇ. ಆದರೆ ಅಡುಗೆಮನೆಗಳಲ್ಲಿ ಉರಿಯುವುದು ಎಥೆನಾಲೇ. ಕಬ್ಬು, ಸಿಹಿಜೋಳದ ದಂಟಿನಿಂದ ಬಟ್ಟಿ ಇಳಿಸಿದ್ದು. ಕಬ್ಬೆಣ್ಣೆ ಎನ್ನುತ್ತೇವೆ. ಡಾಕ್ಟರು ಬೀದಿಯಲ್ಲಿ ನಿಂತು ಕೂಗಿದರು. ಮುತ್ತಜ್ಜಿ, ನೀವು ನೋಡಬೇಕಿತ್ತು! ರೊಟ್ಟಿ ಬಡಿಯುತ್ತಿದ್ದವರು ಒಲೆ ಆರಿಸಿ, ಹಿಟ್ಟು ಮೆತ್ತಿದ ಕೈಯಲ್ಲೇ ಡಬ್ಬಿ ಹಿಡಿದು ಬಂದರು. ಅಷ್ಟನ್ನೂ ಟಾಂಕಿಗೆ ಸುರಿದೆ. ಬರೀ ಕಬ್ಬೆಣ್ಣೆ ಚಳಿಯಲ್ಲಿ ಬೇಗ ಹೊತ್ತಿಕೊಳ್ಳುವುದಿಲ್ಲ, ಹಾಗಾಗಿ ಜಾಡಿಯ ಪೆಟ್ರೋಲನ್ನೂ ಬೆರೆಸಿದೆ.

ಗಾಡಿಮನೆಯ ಮುಖ್ಯಸ್ಥ ರಾಚಪ್ಪನವರು ಬಾಗಿಲಿಗೆ ಅಡ್ಡ ನಿಂತರು. "ಇಂಥಾ ಗಾಡಿ ಇನ್ನೊಂದಿಲ್ಲ ತಂಗಿ. ಒಡದು ಹ್ವಾದ್ರ ಏನ್ ಮಾಡ್ತಿ?"

"ಇನ್ನೊಂದ್ ಬಲಗೈ ಐತೇನ್ರೀ ಅವಂಗ?" ಎಂದರು ಮಾಸಾಬಿ.

ರಾಚಪ್ಪನವರು ಸರಿದು ನಿಂತರು. ಆಮೇಲೆ ತಾವೇ ಹಿಂದಿನಿಂದ ಗಾಡಿಯನ್ನು ಹೊರಗೆ ದೂಡಿದರು.

ಎಂಜಿನ್ ಎರಡು ಸಲ ಕೆಮ್ಮಿ ಮೂರನೆಯದಕ್ಕೆ ಗುಡುಗಿತು. ಬೀದಿಗೆ ಬೀದಿಯೇ ಕೇಕೆ ಹಾಕಿತು. ನಾನು ಮೊದಲ ಬಾರಿಗೆ ರಸ್ತೆಯ ಮೇಲೆ ಸ್ಟಿಯರಿಂಗ್ ಹಿಡಿದಿದ್ದೆ. ಮಂಜಿನಲ್ಲಿ ಹತ್ತು ಮಾರು ಆಚೆ ಏನೂ ಕಾಣದು. ಆದರೂ ನಗು ತಡೆಯಲಾಗುತ್ತಿರಲಿಲ್ಲ. ಒತ್ತಿದರೆ ಮುಂದೆ ಜಿಗಿಯುತ್ತದೆ, ತಿರುಗಿಸಿದತ್ತ ತಿರುಗುತ್ತದೆ! ಊರು ದಾಟಿದ ಮೇಲೆ ಎಂಜಿನ್ ಸುಮ್ಮನಾಯಿತು.

"ಸಪ್ಪಳ ನಿಂತ್ತಲ್ಲಬೇ! ಕೆಟ್ಟಿತೇನು?" ಮಾಸಾಬಿ ನನ್ನ ತೋಳು ಹಿಡಿದರು.

"ಇಲ್ರೀ, ಈಗ ಬ್ಯಾಟರಿ ಎಳ್ಯಾಕತ್ತೈತಿ. ಇದರ ಸ್ವಭಾವನ ಹಂಗ."

ಮಹಾಲಿಂಗಪುರದ ಹತ್ತಿರದ ದಿಬ್ಬದಲ್ಲಿ ಮಾತ್ರ ನಿಜಕ್ಕೂ ಕೆಟ್ಟಿತು. ಎಂಜಿನ್ ಮುಗ್ಗರಿಸಿ, ಜಗ್ಗಿ, ಆರಿಹೋಯಿತು. ಯಾರದೋ ಮನೆಯ ಡಬ್ಬಿಯಲ್ಲಿ ನೀರು ಸೇರಿತ್ತು. ಕಬ್ಬೆಣ್ಣೆ ತೆರೆದಿಟ್ಟರೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಬ್ಯಾಟರಿಯೊಂದೇ ಆ ಏರು ಹತ್ತಿಸಬೇಕಿತ್ತು. ಗಾಡಿ ಹೆಣಗಾಡುತ್ತ ಏರಿತು. ನಾವಿಬ್ಬರೂ ದೂಡುವವರ ಹಾಗೆ ಮುಂದಕ್ಕೆ ಬಾಗಿ ಕುಳಿತಿದ್ದೆವು. ನೆತ್ತಿ ದಾಟಿ ಇಳಿಜಾರಿಗೆ ಬಿದ್ದಾಗ ಎಂಜಿನ್ ಮತ್ತೆ ಹೊತ್ತಿಕೊಳ್ಳಲು ನೋಡಿತು, ಬಿಕ್ಕಿತು, ಕೊನೆಗೆ ಹಿಡಿಯಿತು. ಮಾಸಾಬಿ ಚಪ್ಪಾಳೆ ತಟ್ಟಿ, "ಶಾಭಾಸ್ ನನ ಮಗನ!" ಎಂದರು. ಅದು ಗಾಡಿಗೆ ಹೇಳಿದ್ದು.

ಬನಹಟ್ಟಿಯ ಆಸ್ಪತ್ರೆಯ ಬಾಗಿಲಲ್ಲಿ ಕಾಡಪ್ಪನ ಹೆಂಡತಿ ಸಕ್ರವ್ವ ನಿಂತಿದ್ದಳು. ತುಂಡಾದ ಕೈಯನ್ನು ಒಳಗೆ ಮಂಜುಗಡ್ಡೆಯ ಮೇಲೆ ಜೋಪಾನವಾಗಿ ಇಟ್ಟಿದ್ದರು. ಮಾಸಾಬಿ ಒಳಹೊಕ್ಕವರು ಹೊರಬಂದದ್ದು ಸಂಜೆಗೆ. ಗೋಡೆಗೆ ಒರಗಿ, "ರಕ್ತ ಹರ್ಯಾಕತ್ತೈತಿ. ಬೆರಳು ಕೆಂಪಗಾದ್ವು" ಎಂದರು. ಸಕ್ರವ್ವ ಅಳಲಿಲ್ಲ. ನೆಟ್ಟಗೆ ಹೊರಗೆ ಹೋಗಿ ಗಾಡಿಯ ಬಾನೆಟ್ಟಿನ ಮೇಲೆ ಎರಡೂ ಅಂಗೈ ಇಟ್ಟು ನಿಂತಳು. ಅದು ತಣ್ಣಗಾಗಿ ಎಷ್ಟೋ ಹೊತ್ತಾಗಿತ್ತು.

ಇವತ್ತು ಸುದ್ದಿ ಬಂದಿದೆ: ಕಾಡಪ್ಪನ ಹೆಬ್ಬೆರಳು ಅಲುಗಾಡಿದೆ. ಉಳಿದವು ಅಲುಗಾಡಲು ತಿಂಗಳುಗಳು ಬೇಕು. ಕಿರುಬೆರಳು ಪೂರ್ತಿ ಬರಲಿಕ್ಕಿಲ್ಲವಂತೆ. ಆದರೂ ಆತ ಆಗಲೇ ಮಗ್ಗದ ಮಾತು ತೆಗೆದಿದ್ದಾನೆ.

ನಿಮ್ಮಲ್ಲಿ ಒಂದು ಕೋರಿಕೆ ಇದೆ, ಮುತ್ತಜ್ಜಿ. ಎಣ್ಣೆ ತುಂಬಿಸಿದ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಬ್ಯಾಟರಿಯೇ ಎಳೆಯುತ್ತದಲ್ಲ ಎಂದು ಎಂಜಿನ್ನನ್ನು ಮರೆಯಬೇಡಿ. ನಾಳೆ ಯಾವ ಕೆಲಸವೂ ಇಲ್ಲದಿದ್ದರೂ ಕಾರು ಹೊರತೆಗೆಯಿರಿ. ಮುತ್ತಜ್ಜನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಿಟಕಿ ಇಳಿಸಿ, ಬಯಲು ರಸ್ತೆ ಸಿಕ್ಕ ಕೂಡಲೇ ಜೋರಾಗಿ ಒತ್ತಿ. ಅವರು ಬೈದರೆ ಬೈಯಲಿ.

ನಿಮ್ಮ,
ನೀಲಾಂಬಿಕೆ