ನಡುಹಗಲ ಕನಸು ನಿಂತ ವರ್ಷ

ಕಪ್ಪತಗುಡ್ಡದ ಬುಡ
ಫೆಬ್ರುವರಿ ಮೂವತ್ತು, ೨೧೭೧

ನೂರೈವತ್ತು ವರ್ಷದ ಆಚೆಗಿರುವ ಅಕ್ಕಂದಿರಿಗೆ, ತಮ್ಮಂದಿರಿಗೆ, ಅವರ ಹೆತ್ತವರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಿಮ್ಮ ಫೆಬ್ರುವರಿಗೆ ಅಷ್ಟು ದಿನಗಳಿರಲಿಲ್ಲ ಎಂದು ಕೇಳಿದ್ದೇನೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಯಲ್ಲಿ ಮಿಗುವ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಬಿಡುದಿನಗಳೆಂದು ಕರೆದು ಸುಮ್ಮನೆ ಕಳೆಯುತ್ತೇವೆ. ನನ್ನ ಮಾತಿನಲ್ಲಿ ಇಂಥ ಇನ್ನೂ ಕೆಲವು ಶಬ್ದಗಳು ಬಂದಾವು. ಅವುಗಳ ವಿಚಿತ್ರವನ್ನು ಕ್ಷಮಿಸಿ, ಹೇಳುತ್ತಿರುವ ಸಂಗತಿ ನಿಮಗೆ ಹೊಸದಲ್ಲ. ನನ್ನ ಹೆಸರು ರೇವತಿ. ಊರವರು ರೇವಕ್ಕ ಎನ್ನುತ್ತಾರೆ. ನನ್ನ ತಮ್ಮ ಚಿದಾನಂದನಿಗೆ ಹದಿನಾರು ತುಂಬಿದ ವರ್ಷ ಏನಾಯಿತೆಂಬುದನ್ನು ನಿಮಗೆ ಹೇಳಬೇಕಾಗಿದೆ.

ಮೊದಲು ನಮ್ಮ ಊರು ಹೇಗಿದೆ ಎಂದು ಸ್ವಲ್ಪ ಹೇಳುತ್ತೇನೆ. ಗುಡ್ಡದ ನೆತ್ತಿಯುದ್ದಕ್ಕೂ ಗಾಳಿಮರಗಳಿವೆ. ನಿಮ್ಮ ಕಾಲದ ಗಾಳಿಯಂತ್ರಗಳ ಮೊಮ್ಮಕ್ಕಳೆನ್ನಿ. ಆದರೆ ಇವುಗಳ ರೆಕ್ಕೆಗಳನ್ನು ಗಟ್ಟಿ ನೂಲಿನ ಬಟ್ಟೆಯಿಂದ ಹೊಲಿಯುತ್ತಾರೆ. ತಿರುಗುವಾಗ ಅವು ಗುಂಯ್ ಎನ್ನುತ್ತವೆ, ಮನೆಯ ಹಿರಿಯರು ಕಣ್ಣುಮುಚ್ಚಿ ಏನನ್ನೋ ಗುನುಗಿದ ಹಾಗೆ. ನಾವು ತೊಟ್ಟಿಲಿನಲ್ಲಿದ್ದಾಗಿನಿಂದ ಆ ಸದ್ದಿನಲ್ಲೇ ಮಲಗಿದವರು. ಬಿಸಿಲು ಈಗ ನಿಮ್ಮ ಕಾಲದಂತಿಲ್ಲ. ನಸುಕಿನಲ್ಲೇ ಎದ್ದು ಹೊಲ, ಶಾಲೆ, ಅಂಗಡಿಯ ಕೆಲಸವನ್ನೆಲ್ಲ ಮುಗಿಸಿ, ಹೊತ್ತು ನೆತ್ತಿಗೆ ಬರುವಾಗ ಇಡೀ ಊರು ಕದ ಮುಚ್ಚಿ ಮಲಗುತ್ತದೆ. ದನಗಳೂ ಮಲಗುತ್ತವೆ. ಬೀದಿಯಲ್ಲಿ ಬೆಳಕು ಒಂದೇ ಓಡಾಡುತ್ತಿರುತ್ತದೆ. ಸಂಜೆ ಎದ್ದ ಮೇಲೆ ಓಣಿಯವರು ಒಂದು ಕಟ್ಟೆಗೆ ಸೇರಿ ಚಹಾ ಕುಡಿಯುತ್ತಾ, ನಡುಹಗಲ ನಿದ್ದೆಯಲ್ಲಿ ಬಿದ್ದ ಕನಸುಗಳನ್ನು ಒಬ್ಬರಿಗೊಬ್ಬರು ಹೇಳುತ್ತಾರೆ. ಇದನ್ನು ಕನಸುಚಹಾ ಎನ್ನುತ್ತೇವೆ. ಅದರಿಂದ ಯಾರೂ ಭವಿಷ್ಯ ತೆಗೆಯುವುದಿಲ್ಲ. ಹೇಳುವ ಖುಷಿಗೆ ಹೇಳುತ್ತಾರೆ, ಕೇಳುವ ಖುಷಿಗೆ ಕೇಳುತ್ತಾರೆ.

ನಮ್ಮ ಓಣಿಯಲ್ಲಿ ಎಲ್ಲರೂ ಕಾಯುತ್ತಿದ್ದುದು ಚಿದುವಿನ ಕನಸಿಗೆ. ಅವನು ಸಮುದ್ರ ನೋಡಿದವನೇ ಅಲ್ಲ, ಆದರೂ ಸಮುದ್ರ ನಮ್ಮ ಹಿತ್ತಲಿಗೆ ಬಂದು ಅವ್ವನ ಬಳಿ ಉಪ್ಪು ಕೇಳಿದ್ದನ್ನು ಹೇಳಿದ್ದ. ಒಂದು ಸಲ ಜೋಳದ ಹೊಲವೊಂದು ಎದ್ದು ಗದಗಿನ ಪೇಟೆಗೆ ನಡೆದುಹೋದದ್ದನ್ನು ಹೇಳಿ ಮುದುಕಿಯರನ್ನೆಲ್ಲ ನಗಿಸಿದ್ದ. ಹೇಳುವಾಗ ಅವನ ಬೆರಳುಗಳು ಕಟ್ಟೆಯ ಮೇಲೆ ತಾವಾಗಿಯೇ ಆಡುತ್ತಿದ್ದವು. ಏಳನೆಯ ವಯಸ್ಸಿನಿಂದ ರಾಚಯ್ಯ ಮಾಸ್ತರರ ಬಳಿ ತಬಲಾ ಕಲಿಯುತ್ತಿದ್ದ. ಮಾಸ್ತರರು ಯಾರನ್ನೂ ಬಾಯಿತುಂಬ ಹೊಗಳುವವರಲ್ಲ. ಇವನು ಬಾರಿಸುವಾಗ ಮಾತ್ರ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಅದೇ ಅವರ ಹೊಗಳಿಕೆ.

ಗಾಂಜಾಕ್ಕೆ ನಮ್ಮಲ್ಲಿ ಮಂಪರುಸೊಪ್ಪು ಎಂಬ ಹೆಸರು. ಅದು ಕದ್ದುಮುಚ್ಚಿ ಮಾರುವ ವಸ್ತುವಾಗಿ ಉಳಿದಿಲ್ಲ. ಗುಡ್ಡದ ಆಚೆಗೆ ಔಷಧದ ತೋಟವಿದೆ. ತಡೆಯಲಾರದ ನೋವಿರುವ ದೊಡ್ಡವರಿಗೆ ವೈದ್ಯರು ಅಳೆದು ಕೊಡುತ್ತಾರೆ. ಚಿಕ್ಕವರಿಗೆ ಕೊಡುವುದಿಲ್ಲ, ಏಕೆಂದರೆ ಅವರದು ಹಸಿಗಾಲ. ಮಿದುಳು ಇನ್ನೂ ಕಟ್ಟುತ್ತಲೇ ಇರುವ ವಯಸ್ಸಿಗೆ ನಾವು ಇಟ್ಟ ಹೆಸರು ಅದು, ಇಪ್ಪತ್ತೈದರ ಸುತ್ತಮುತ್ತ ಮುಗಿಯುತ್ತದೆ. ನಿಮ್ಮ ಕಾಲದಿಂದ ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಜನ ಆ ಗಿಡವನ್ನು ಬೆಳೆಸಿ ಬೆಳೆಸಿ ಅದರ ಅಮಲನ್ನು ಎಷ್ಟೋ ಪಟ್ಟು ಏರಿಸಿದ್ದಾರೆ.

ಚಿದುವಿನ ಜೀವದ ಗೆಳೆಯ ವಸಂತ. ಅವನ ಅಪ್ಪ ಗಾಳಿಮರ ರಿಪೇರಿ ಮಾಡುವವರು, ಹೀಗಾಗಿ ಬುಡದ ಬಾಗಿಲಿನ ಕೀಲಿ ಅವರ ಮನೆಯಲ್ಲಿರುತ್ತಿತ್ತು. ಊರೆಲ್ಲ ಮಲಗಿದ ಹೊತ್ತಿಗೆ ಇಬ್ಬರೂ ಗಾಳಿಮರದ ತಂಪು ಗೋಪುರದೊಳಗೆ ಕೂತು, ತೋಟದಿಂದ ಕದ್ದು ತಂದು ಒಣಗಿಸಿದ ಸೊಪ್ಪನ್ನು ಸೇದತೊಡಗಿದರು. ಮೊದಮೊದಲು ಎಷ್ಟು ಚೆನ್ನಾಗಿತ್ತೆಂದು ಚಿದು ಆಮೇಲೆ ನನಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಗಾಳಿಮರದ ಸದ್ದು ಮೈಯೊಳಗೇ ಹರಿದಂತೆ ಅನಿಸುತ್ತಿತ್ತಂತೆ. ತಾಳದ ಒಂದು ಮಾತ್ರೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಒಂದು ಮಧ್ಯಾಹ್ನವೇ ಕಳೆದಂತೆ, ಆ ಎಡೆಯಲ್ಲಿ ತಾನು ಆರಾಮಾಗಿ ಕಾಲು ಚಾಚಿ ಮಲಗಬಹುದೆಂಬಂತೆ. ಲಯದ ಗುಟ್ಟೇ ಕೈಗೆ ಸಿಕ್ಕಿತೆಂದುಕೊಂಡಿದ್ದ.

ಮಾಸ್ತರರಿಗೆ ಕೇಳಿದ್ದು ಬೇರೆಯೇ. ಒಂದು ದಿನ ಅವರು ಕನ್ನಡಕ ತೆಗೆಯಲಿಲ್ಲ. "ತಮ್ಮಾ, ಸಮ ತಪ್ಪಾಕತ್ತೈತಿ. ಎಲ್ಲಿ ಹೋಗೀದಿ ನೀನು?" ಎಂದರು. ತಾಳ ಸುತ್ತಿಬಂದು ಸೇರಬೇಕಾದ ಜಾಗವೇ ಸಮ, ಹತ್ತು ವರ್ಷದ ಹುಡುಗನಾಗಿದ್ದಾಗಲೂ ಇವನು ಅದನ್ನು ತಪ್ಪಿದವನಲ್ಲ. ಚಿದು ನಕ್ಕುಬಿಟ್ಟ. ಮಾಸ್ತರರು ಅವತ್ತಿನ ಪಾಠ ನಿಲ್ಲಿಸಿದರು.

ನನಗೆ ಅನುಮಾನ ಬಂದದ್ದು ಕನಸುಚಹಾದ ಹೊತ್ತಿನಲ್ಲಿ. ಅವನ ಸರದಿ ಬಂದಾಗ ಸುಮ್ಮನೆ ಲೋಟ ತಿರುಗಿಸುತ್ತಾ ಕೂತಿದ್ದ. ಮಾರನೆಯ ದಿನವೂ ಹಾಗೇ. ಮನೆಗೆ ಬರುವಾಗ ಕೇಳಿದೆ.

"ಯಾಕೋ ಚಿದು, ಏನೂ ಹೇಳಲೇ ಇಲ್ಲ?"

"ಕನಸ ಬೀಳವಲ್ವು ಅಕ್ಕಾ. ಮಲಗತೀನಿ, ಏಳತೀನಿ. ನಡುವ ಏನೂ ಇರಾಂಗಿಲ್ಲ."

ಅವನು ಸೊಪ್ಪು ಸೇದುತ್ತಾನೆಂದಾಗಲಿ, ಅದು ಕನಸಿನ ನಿದ್ದೆಯನ್ನೇ ಒತ್ತಿಹಿಡಿಯುತ್ತದೆಂದಾಗಲಿ ನನಗೆ ಆಗ ಗೊತ್ತಿರಲಿಲ್ಲ. ಬೆಳೆಯುವ ವಯಸ್ಸು, ದಣಿದಿರಬೇಕು ಅಂದುಕೊಂಡೆವು. ಆಮೇಲೆ ಒಂದೊಂದಾಗಿ ಬೇರೆಯವು ಕಾಣತೊಡಗಿದವು. ಅವ್ವ ಅಂಗಡಿಗೆ ಕಳಿಸಿದರೆ ಬೀದಿಯ ನಡುವೆ ನಿಂತು ಏಕೆ ಬಂದೆನೆಂದು ಯೋಚಿಸುತ್ತಿದ್ದ. ಬಾಯಿಗೇ ಕೂತಿದ್ದ ತಬಲಾದ ಉದ್ದುದ್ದ ಬೋಲುಗಳು ಅರ್ಧಕ್ಕೆ ನಿಲ್ಲುತ್ತಿದ್ದವು. ಸ್ನಾನ, ಊಟ, ಗೆಳೆಯರು, ಯಾವುದರ ಮೇಲೂ ಮನಸ್ಸಿಲ್ಲ. ಕೊನೆಗೆ ವಸಂತನನ್ನೂ ಬಿಟ್ಟು ಒಬ್ಬನೇ ಗೋಪುರಕ್ಕೆ ಹೋಗುತ್ತಿದ್ದ. ಒಂದು ಸಂಜೆ ಹಿತ್ತಲಲ್ಲಿ ನನ್ನ ಮುಂಗೈ ಹಿಡಿದು, ಮೆಲ್ಲಗೆ, ಯಾರಿಗೋ ಕೇಳಿಸೀತೆಂಬಂತೆ ಹೇಳಿದ: "ಗಾಳಿಮರ ನನ್ನ ಹೆಸರ ಹಿಡದು ಕರ್ಯಾಕತ್ತೈತಿ ಅಕ್ಕಾ. ನಿನಗ ಕೇಳವಲ್ದೇನು?"

ನಾನು ಕಿವಿಗೊಟ್ಟೆ. ಗುಂಯ್ ಎನ್ನುವ ಅದೇ ಹಳೆಯ ಸದ್ದು.

ಅವ್ವನಿಗೆ ಹೇಳಿದೆ. ಅವಳು ಮೊರವನ್ನು ಕೆಳಗಿಟ್ಟು ಹಳೆಯ ಮಾತೊಂದನ್ನು ಹೇಳಿದಳು. ಅವಳ ತಮ್ಮ ಶಂಕರ ಮಾವನಿಗೂ ಹರೆಯದಲ್ಲಿ ಯಾರೂ ಆಡದ ಮಾತುಗಳು ಕೇಳುತ್ತಿದ್ದವಂತೆ. ಮಾವ ಯಾವ ಸೊಪ್ಪನ್ನೂ ಮುಟ್ಟಿದವನಲ್ಲ. ನಾಳೆಯೇ ಚಿದುವನ್ನು ಕೇಳುಮನೆಗೆ ಕರೆದೊಯ್ಯೋಣವೆಂದು ಮಾತಾಯಿತು. ಮನಸ್ಸು ಕದಡಿದವರು ಬಂದು ಇರುವ ಮನೆ ಅದು, ಅಲ್ಲಿ ಬಾಗಿಲಿಗೆ ಅಗುಳಿಯಿಲ್ಲ.

ಆದರೆ ಮರುದಿನ ನಡುಹಗಲಲ್ಲಿ ಎಚ್ಚರವಾಗಿ ನೋಡಿದರೆ ಅವನ ಚಾಪೆ ಖಾಲಿ. ಬಿಸಿಲಿನಲ್ಲಿ ಬರಿಗಾಲಲ್ಲಿ ಓಡಿದೆ. ಇಡೀ ಊರು ಉಸಿರಾಡುತ್ತಾ ಮಲಗಿತ್ತು, ಬೆಳಕಿಗೆ ಗೋಡೆಗಳು ತೇಲುತ್ತಿರುವಂತೆ ಕಾಣುತ್ತಿದ್ದವು. ಚಿದು ಗಾಳಿಮರದ ಹೊರಗಿನ ಏಣಿಯಲ್ಲಿದ್ದ, ರೆಕ್ಕೆಯ ನೆರಳು ಅವನ ಬೆನ್ನನ್ನು ಸವರಿ ಸವರಿ ಹೋಗುತ್ತಿತ್ತು. ಇನ್ನು ಸ್ವಲ್ಪ ಏರಿದರೆ ರೆಕ್ಕೆಯೇ.

"ಚಿದೂ!"

"ಬರಾಕತ್ತೀನಿ ಅಂತ ಹೇಳೀನಿ ಅದಕ್ಕ. ತಡಿಬ್ಯಾಡ."

ಅಲ್ಲಿ ಯಾರೂ ಇಲ್ಲ ಎಂದು ಕೂಗಬೇಕೆಂದು ಬಾಯಿ ತೆರೆದೆ. ಅವನ ಮುಖ ನೋಡಿ ಆ ಮಾತು ಬರಲಿಲ್ಲ. ಅವನಿಗೆ ಕೇಳುತ್ತಿದೆ, ಇಲ್ಲವೆಂದು ನಾನು ಹೇಗೆ ಹೇಳಲಿ?

"ನನಗ ಕೇಳವಲ್ದು," ಎಂದೆ. "ಆದ್ರ ನಿನಗ ಕೇಳಾಕತ್ತೈತಿ ಅಂತ ನಂಬತೀನಿ. ನನಗ ಭಾಳ ಹೆದರಿಕಿ ಆಗಾಕತ್ತೈತಿ ತಮ್ಮಾ. ಕಾಲು ಸುಡಾಕತ್ತಾವು. ನನ್ನ ಮನಿಗೆ ಕರಕೊಂಡು ಹೋಗು."

ಅವನು ಕೆಳಗೆ ನೋಡಿದ. ಸಣ್ಣವನಾಗಿದ್ದಾಗಿನಿಂದಲೂ ಯಾರಾದರೂ ಹೆದರಿದರೆ ಸಹಿಸುವವನಲ್ಲ. ಒಂದೊಂದೇ ಮೆಟ್ಟಿಲು ಇಳಿದು ಬಂದ. ತನ್ನ ಚಪ್ಪಲಿ ಬಿಚ್ಚಿ ನನ್ನ ಮುಂದಿಟ್ಟು, "ಹಾಕ್ಕೋ" ಎಂದ. ಮನೆಗಲ್ಲ, ನೇರ ಕೇಳುಮನೆಗೆ ಹೋದೆವು.

ಅಲ್ಲಿನ ಡಾಕ್ಟರ್ ಮಹಬೂಬಿ ಅಮ್ಮ ಕೂದಲು ಪೂರ್ತಿ ನರೆತ ಹೆಂಗಸು. ಚಿದು ಅವರ ಮುಂದೆ ಸೊಪ್ಪಿನ ಸಂಗತಿ ಹೇಳಿದ. ಸುದ್ದಿ ತಿಳಿದು ಓಡಿಬಂದ ಅವ್ವ ಅಳುತ್ತಾ, ಯಾರು ನನ್ನ ಮಗನನ್ನು ಹಾಳು ಮಾಡಿದರೆಂದು ಕೇಳುತ್ತಿದ್ದಳು. "ಅದನ್ನ ಆಮ್ಯಾಲೆ ನೋಡೂಣವ್ವಾ. ಈಗ ಅವಂಗ ನಿದ್ದಿ ಬೇಕು, ಔಷಧ ಬೇಕು, ನೀವು ಬೇಕು," ಎಂದರು ಮಹಬೂಬಿ ಅಮ್ಮ. ವಸಂತ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತಿದ್ದ. "ನಾನೂ ಸೇದೀನಿ ಅಮ್ಮಾ. ಅಂವ ಸೇದಿದಷ್ಟ ಸೇದೀನಿ. ನನಗ ಯಾಕ ಹಿಂಗ ಆಗಲಿಲ್ಲ?" ಎಂದು ಬಿಕ್ಕಿದ.

ಅಮ್ಮ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಹರೆಯದ ಮಿದುಳು ಬೇಕಾದ ದಾರಿಗಳನ್ನು ಗಟ್ಟಿ ಮಾಡುತ್ತಾ, ಬೇಡವಾದವನ್ನು ಮುಚ್ಚುತ್ತಾ ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿರುತ್ತದೆ, ಸೊಪ್ಪಿನ ಅಮಲು ಆ ಕೆಲಸದ ನಡುವೆ ಕೈ ಹಾಕುತ್ತದೆ ಎಂದು ವಿವರಿಸಿದರು. ಕೆಲವರಿಗೆ ನೆನಪು, ಗಮನ, ಹುಮ್ಮಸ್ಸು ಕುಂದುತ್ತವೆ, ಬಿಟ್ಟ ಮೇಲೆ ಬಹುಮಟ್ಟಿಗೆ ಮರಳುತ್ತವೆ. ವಂಶದಲ್ಲಿ ಇಲ್ಲದ ದನಿ ಕೇಳುವ ಕಾಯಿಲೆ ಇದ್ದವರಿಗೆ, ಚಿಕ್ಕ ವಯಸ್ಸಿಗೇ ಶುರು ಮಾಡಿದವರಿಗೆ, ದಿನವೂ ಸೇದುವವರಿಗೆ ಆ ಕಾಯಿಲೆಯ ಅಪಾಯ ಹೆಚ್ಚು. "ಯಾರಿಗೆ ಆಗತೈತಿ, ಯಾರಿಗೆ ಇಲ್ಲ ಅಂತ ಮದಲ ಹೇಳಾಕ ನಮಗ ಇನ್ನೂ ಬರಾಂಗಿಲ್ಲ ತಮ್ಮಾ. ಅದಕ್ಕ ಬ್ಯಾಡ ಅಂತೀವಿ," ಎಂದರು. ವಸಂತ ಅವತ್ತೇ ಬಿಟ್ಟ. ಅವನ ಓದು ಒಂದು ವರ್ಷ ಕುಂಟಿತು, ಆಮೇಲೆ ಸರಿಹೋಯಿತು.

ಚಿದುವಿಗೆ ಅಷ್ಟು ಸುಲಭವಾಗಲಿಲ್ಲ. ಸೊಪ್ಪು ನಿಂತ ಮೇಲೆ ತಡೆಹಿಡಿದ ಕನಸುಗಳೆಲ್ಲ ಒಮ್ಮೆಲೇ ನುಗ್ಗಿ ಅವನು ಬೆವರಿ ಎದ್ದು ಕೂರುತ್ತಿದ್ದ. ದನಿಗಳು ಮೆಲ್ಲಗೆ, ಮನಸ್ಸಿಲ್ಲದ ಅತಿಥಿಗಳಂತೆ ಹೊರಟವು. ಎರಡು ವರ್ಷದ ನಂತರ, ಇನ್ನೇನೂ ಆಗುವುದಿಲ್ಲವೆಂದು ಒಂದೇ ಒಂದು ಸಲ ಸೇದಿದ. ಅವು ತಿರುಗಿ ಬಂದವು. ಆಮೇಲೆ ಅವನು ಅದರ ಹತ್ತಿರ ಹೋಗಲಿಲ್ಲ. ಔಷಧವನ್ನು ಬಹಳ ವರ್ಷ ತಪ್ಪದೆ ನುಂಗಿದ. ತಬಲಾ ಮಾತ್ರ ಪೂರ್ತಿ ಮರಳಲಿಲ್ಲ. ಉದ್ದದ ರಚನೆಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಸಂಗೀತ ಕಛೇರಿಯ ಆಸೆಯನ್ನು ಒಂದು ಬೆಳಗ್ಗೆ ತಾನೇ ಮಾಸ್ತರರ ಕಾಲಿಗೆ ನಮಸ್ಕರಿಸಿ ಬಿಟ್ಟುಬಂದ. ಅವತ್ತು ಮಾಸ್ತರರು ಬಾಗಿಲ ತನಕ ಅವನ ಹೆಗಲು ಹಿಡಿದು ನಡೆದರೆಂದು ಕೇಳಿದ್ದೇನೆ.

ಈಗ ಅವನು ಮುಂಡರಗಿಯಲ್ಲಿ ರೊಟ್ಟಿ ಅಂಗಡಿ ಇಟ್ಟಿದ್ದಾನೆ. ಮದುವೆಯಾಗಿದ್ದಾನೆ. ಜನ ಅವನ ರೊಟ್ಟಿಗೆ ದೂರದಿಂದ ಬರುತ್ತಾರೆ. ಅವನು ನಗುತ್ತಾನೆ, ಮರೆಯುತ್ತಾನೆ, ಮರೆತದ್ದಕ್ಕೆ ಮತ್ತೆ ನಗುತ್ತಾನೆ. ಒಳ್ಳೆಯ ಬದುಕೇ. ಆದರೆ ಅವನು ಆಯ್ದುಕೊಂಡ ಬದುಕಲ್ಲ.

ಈ ಕಾಗದ ಬರೆಯಲು ಕಾರಣ ಅವನ ಮಗಳು ಮಂದಾಕಿನಿ. ಅವಳಿಗೆ ಹದಿಮೂರು. ನಿನ್ನೆ ನಾನು ಅಂಗಡಿಯಲ್ಲಿ ಕೂತಿದ್ದಾಗ, ಅಪ್ಪ ರೊಟ್ಟಿ ಬಡಿಯುವುದನ್ನೇ ನೋಡುತ್ತಾ ನೇರವಾಗಿ ಕೇಳಿದಳು: "ಅಪ್ಪಾ, ಶಾಲಿಯೊಳಗ ಕೆಲವರು ಸೊಪ್ಪ ಸೇದತಾರ. ನನಗೂ ಕರದ್ರು. ನಿನಗ ಏನಾಗಿತ್ತು?"

ಚಿದು ಕೈಯ ಹಿಟ್ಟು ಒರೆಸಿಕೊಂಡು, ಒಲೆಯ ಉರಿ ಸಣ್ಣದು ಮಾಡಿ, ಅವಳ ಎದುರಿಗೆ ಕೂತ. ಚೆನ್ನಾಗಿ ಅನಿಸಿದ್ದನ್ನೂ ಬಿಡದೆ ಎಲ್ಲ ಹೇಳಿದ. ಗಿರಾಕಿಗಳು ಬಂದರು, ಕಾದರು. ಅವನು ಏಳಲಿಲ್ಲ. ಕೊನೆಗೆ ಅವಳು, "ಅವರು ಮತ್ತ ಕರದ್ರ ಏನಂತ ಹೇಳ್ಲಿ?" ಎಂದಳು.

"ನಾ ಒಲ್ಲೆ ಅನ್ನು. ಅಷ್ಟು ಸಾಕು. ಮತ್ತ, ಎಂದಾರ ಸೇದೇ ಬಿಟ್ಟಿ ಅಂದ್ರೂ ಮೊದಲ ನನ್ನ ಹತ್ರ ಬಾ. ನಾ ಬೈಯಾಂಗಿಲ್ಲ."

ಅವಳು ಆಗಲಿ ಎಂದು ತಲೆಯಾಡಿಸಿ, ಅಪ್ಪ ಬಡಿದಿಟ್ಟ ರೊಟ್ಟಿಯನ್ನು ತಾನೇ ಹಂಚಿನ ಮೇಲೆ ಹಾಕಿದಳು.

ನನ್ನ ಕೋರಿಕೆ ಇಷ್ಟೇ. ನೀವು ಹದಿನಾರರವರಾಗಿದ್ದರೆ, ನಿಮ್ಮ ಮಿದುಳು ಇನ್ನೂ ಹಸಿ ಇದೆ, ಅದಕ್ಕೆ ಬಲಿಯಲು ಸಮಯ ಕೊಡಿ. ನೀವು ಹೆತ್ತವರಾಗಿದ್ದರೆ ಇಂದು ಸಂಜೆ ಒಲೆಯ ಉರಿ ಸಣ್ಣದು ಮಾಡಿ ಮಕ್ಕಳ ಎದುರಿಗೆ ಕೂರಿ. ಊಟ ತಡವಾದರೆ ಆಗಲಿ.

ನಿಮ್ಮ ಮುಂದಿನವಳು,
ರೇವತಿ